ಟ್ರೇಲರ್‌ನಲ್ಲಿ ಹಾಡಿಲ್ಲ, ಸಿನಿಮಾ ತುಂಬ ಹಾಡು: ‘ಮೀನ್ ಗರ್ಲ್ಸ್’ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸಿನಿಮಾದ ಸುತ್ತ ಇವೆ. 2004ರಲ್ಲಿ ಬಂದ ‘ಮೀನ್ ಗರ್ಲ್ಸ್’ ಎಂಬ ಅಮೆರಿಕದ ಹೈಸ್ಕೂಲ್ ಕಾಮಿಡಿ, ಮತ್ತು ಅದನ್ನೇ ಹಾಡು ಕುಣಿತದೊಂದಿಗೆ 2024ರಲ್ಲಿ ಮತ್ತೆ ತೆಗೆದ ‘ಮೀನ್ ಗರ್ಲ್ಸ್’. ಹಳೆಯದನ್ನು ಬಾಯಿಪಾಠ ಮಾಡಿಕೊಂಡವರ ಸಿಟ್ಟು ಇದೆ. ಹೊಸದನ್ನೇ ಮೊದಲು ನೋಡಿ ಇಷ್ಟಪಟ್ಟವರ ಗೊಂದಲವೂ ಇದೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ಹೊಸ ಸಿನಿಮಾ ಹಳೆಯದರ ರೀಮೇಕಾ, ಮುಂದಿನ ಭಾಗವಾ? ಕಥೆ ಅದೇ, ಹೆಸರುಗಳೂ ಅವೇ, ಆದರೆ ಎಲ್ಲರೂ ಹಾಡುತ್ತಾರೆ. ಈ ಹಾಡುಗಳು ಎಲ್ಲಿಂದ ಬಂದವು?

ಮುಂದಿನ ಭಾಗ ಅಲ್ಲ. ರೀಮೇಕ್ ಅಂದರೂ ಪೂರ್ತಿ ಸರಿಯಾಗುವುದಿಲ್ಲ, ಯಾಕೆಂದರೆ ಎರಡು ಸಿನಿಮಾಗಳ ನಡುವೆ ಒಂದು ನಾಟಕ ಇದೆ. ಮೊದಲಿಂದ ಹೇಳುತ್ತೇನೆ.

2002ರಲ್ಲಿ ರೊಸಾಲಿಂಡ್ ವೈಸ್‌ಮನ್ ಅನ್ನುವವರು ‘ಕ್ವೀನ್ ಬೀಸ್ ಅಂಡ್ ವನ್ನಬೀಸ್’ ಎಂಬ ಪುಸ್ತಕ ಬರೆದರು. ಅದು ಕಾದಂಬರಿ ಅಲ್ಲ. ಹದಿಹರೆಯದ ಹುಡುಗಿಯರ ಗುಂಪುಗಳು ಹೇಗೆ ನಡೆಯುತ್ತವೆ, ಯಾರು ರಾಣಿ, ಯಾರು ಬಾಲ, ಯಾರನ್ನು ಹೊರಗೆ ಹಾಕುತ್ತಾರೆ ಅಂತ ತಂದೆ ತಾಯಿಗಳಿಗೆ ತಿಳಿಸಲು ಬರೆದ ಪುಸ್ತಕ. ಅದರಲ್ಲಿ ಕಥೆಯೇ ಇಲ್ಲ. ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಅಮೆರಿಕದ ಟಿವಿ ಕಾಮಿಡಿ ಕಾರ್ಯಕ್ರಮಕ್ಕೆ ಬರೆಯುತ್ತಿದ್ದ ಟೀನಾ ಫೇ ಅದನ್ನು ಓದಿ, ಆಫ್ರಿಕಾದಲ್ಲಿ ಬೆಳೆದು ಮನೆಯಲ್ಲೇ ಪಾಠ ಕಲಿತ ಕೇಡಿ ಹೆರನ್ ಎಂಬ ಹುಡುಗಿ ಮೊದಲ ಸಲ ಅಮೆರಿಕದ ಹೈಸ್ಕೂಲಿಗೆ ಕಾಲಿಟ್ಟು ಅಲ್ಲಿನ ‘ಪ್ಲಾಸ್ಟಿಕ್ಸ್’ ಗುಂಪಿಗೆ ಸೇರುವ ಕಥೆ ಕಟ್ಟಿದರು. ಮಾರ್ಕ್ ವಾಟರ್ಸ್ ನಿರ್ದೇಶಿಸಿದ ಆ ಸಿನಿಮಾ 2004ರ ಏಪ್ರಿಲ್ 30ರಂದು ಬಂತು. ಲಿಂಡ್ಸೆ ಲೋಹಾನ್ ಕೇಡಿ ಆದರು, ರೇಚಲ್ ಮ್ಯಾಕ್‌ಆಡಮ್ಸ್ ಗುಂಪಿನ ರಾಣಿ ರೆಜೀನಾ ಜಾರ್ಜ್ ಆದರು.

ಆಮೇಲೆ ಅದೇ ಟೀನಾ ಫೇ ಅದನ್ನು ಸಂಗೀತ ನಾಟಕ ಮಾಡಿದರು. ಸಂಗೀತ ಅವರ ಗಂಡ ಜೆಫ್ ರಿಚ್‌ಮಂಡ್ ಅವರದು, ಸಾಹಿತ್ಯ ನೆಲ್ ಬೆಂಜಮಿನ್ ಅವರದು. 2017ರಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಪ್ರದರ್ಶನ, 2018ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಗೆ. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗೆ 12 ನಾಮನಿರ್ದೇಶನ ಸಿಕ್ಕಿತು, ಒಂದೂ ಗೆಲ್ಲಲಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಬ್ರಾಡ್‌ವೇ ಪೂರ್ತಿ ಮುಚ್ಚಿತಲ್ಲ, ಆಗ ನಿಂತ ಈ ನಾಟಕ ಅಲ್ಲಿ ಮತ್ತೆ ತೆರೆಯಲೇ ಇಲ್ಲ.

2024ರ ಜನವರಿ 12ಕ್ಕೆ ಬಂದ ಸಿನಿಮಾ ಆ ನಾಟಕದ ಸಿನಿಮಾ ರೂಪ. ಪುಸ್ತಕ, ಸಿನಿಮಾ, ನಾಟಕ, ಮತ್ತೆ ಸಿನಿಮಾ. ಪುಸ್ತಕ ಬಿಟ್ಟು ಉಳಿದ ಮೂರಕ್ಕೂ ಕಥೆ, ಮಾತು ಬರೆದವರು ಟೀನಾ ಫೇ ಒಬ್ಬರೇ. ಹಾಗಾಗಿ ‘ಹಳೆಯದನ್ನು ಯಾರೋ ಹಾಳು ಮಾಡಿದರು’ ಅಂತ ಬರೆದವರಿಗೆ ನಾನು ಹೇಳುವುದಿಷ್ಟೇ: ಮುಟ್ಟಿದ್ದು ಹೊರಗಿನವರಲ್ಲ.

ಪ್ರಶ್ನೆ: ಟ್ರೇಲರ್ ನೋಡಿ ಮಾಮೂಲಿ ಕಾಮಿಡಿ ಅಂದುಕೊಂಡು ಹೋದೆವು. ಹತ್ತು ನಿಮಿಷದಲ್ಲಿ ಹಾಡು ಶುರು. ಪಕ್ಕದ ಸೀಟಿನವರು ‘ಇದೇನಿದು’ ಅಂತ ಗೊಣಗಿದರು. ಇದು ಮೋಸ ಅಲ್ವಾ?

ಮೋಸ ಅನ್ನುವುದು ದೊಡ್ಡ ಮಾತು. ಆದರೆ ಮರೆಮಾಚಿದ್ದು ನಿಜ. ಮೊದಲ ಟ್ರೇಲರ್‌ನಲ್ಲಿ ಯಾರೂ ಹಾಡುವುದಿಲ್ಲ. ಹೆಸರಿನ ಅಕ್ಷರಗಳಲ್ಲಿ ಒಂದು ಸಣ್ಣ ಸಂಗೀತದ ಚಿಹ್ನೆ ಸೇರಿಸಿದ್ದರು, ಸುಳಿವು ಅಂದರೆ ಅದೇ. ಸಂಗೀತ ಸಿನಿಮಾ ಅಂದ ತಕ್ಷಣ ಒಂದಷ್ಟು ಜನ ದೂರ ಹೋಗುತ್ತಾರೆ ಎಂಬ ಭಯದಿಂದಲೇ ಹೀಗೆ ಮಾಡಿದ್ದು ಅಂತ ಪ್ಯಾರಾಮೌಂಟ್ ಕಂಪನಿಯವರೇ ಆಮೇಲೆ ಒಪ್ಪಿಕೊಂಡರು. ಇವರೊಬ್ಬರೇ ಅಲ್ಲ. 2023ರ ಕೊನೆಯಲ್ಲಿ ಬಂದ ‘ವೋಂಕಾ’ ಮತ್ತು ‘ದಿ ಕಲರ್ ಪರ್ಪಲ್’ ಸಿನಿಮಾಗಳ ಪ್ರಚಾರದಲ್ಲೂ ಹಾಡನ್ನು ಹಿಂದಕ್ಕೆ ತಳ್ಳಿದ್ದರು.

ನನಗೆ ಬೇಸರ ಆಗಿದ್ದು ಪ್ರಚಾರದ ಬಗ್ಗೆ ಮಾತ್ರ ಅಲ್ಲ. ಟ್ರೇಲರ್‌ನಲ್ಲಿದ್ದ ನಾಚಿಕೆ ಸಿನಿಮಾದ ಒಳಗೂ ಬಂದುಬಿಟ್ಟಿದೆ. ಹಾಡು ಶುರುವಾಗುವ ಮೊದಲು ಸಿನಿಮಾ ಎಷ್ಟೋ ಸಲ ಹಿಂಜರಿಯುತ್ತದೆ. ಇದು ಫೋನಿನ ವಿಡಿಯೋ, ಇದು ಇವಳ ಕಲ್ಪನೆ, ಇದು ಪಾರ್ಟಿಯ ಅಮಲು ಅಂತ ಏನೋ ಒಂದು ನೆಪ ಕೊಟ್ಟ ಮೇಲೇ ಹಾಡಲು ಬಿಡುತ್ತದೆ. ರಂಗದ ಮೇಲೆ ಗಟ್ಟಿ ಧ್ವನಿಯಲ್ಲಿದ್ದ ಕೆಲವು ಹಾಡುಗಳನ್ನು ರೇಡಿಯೋದಲ್ಲಿ ಬರುವ ಮೆಲ್ಲನೆಯ ಪಾಪ್ ಹಾಡಿನ ಥರ ಮಾಡಿದ್ದಾರೆ. ಕೇಡಿ ಗಣಿತದ ತರಗತಿಯಲ್ಲಿ ಆರನ್‌ನನ್ನು ನೋಡಿ ಹಾಡುವ ‘ಸ್ಟುಪಿಡ್ ವಿತ್ ಲವ್’ ಕೇಳಿ. ನಾಟಕದಲ್ಲಿ ಆ ಹಾಡಿಗೆ ಒಂದು ತಡೆಯಲಾಗದ ಓಟ ಇದೆ, ಹದಿನಾರರ ಹುಡುಗಿ ಮೊದಲ ಸಲ ಒಬ್ಬ ಹುಡುಗನನ್ನು ಕಂಡು ತಲೆ ಕೆಟ್ಟವಳಂತೆ ಆಗುವುದು ಆ ಓಟದಲ್ಲೇ ಗೊತ್ತಾಗುತ್ತದೆ. ಸಿನಿಮಾದಲ್ಲಿ ಅದನ್ನು ಪಿಸುಮಾತಿಗೆ ಇಳಿಸಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಆ ಹುಚ್ಚು ಇಲ್ಲ.

ಎಲ್ಲಿ ನಾಚಿಕೆ ಬಿಟ್ಟಿದ್ದಾರೋ ಅಲ್ಲಿ ಸಿನಿಮಾ ಏಳುತ್ತದೆ. ‘ರಿವೆಂಜ್ ಪಾರ್ಟಿ’ಯಲ್ಲಿ ಕೇಡಿ ಮತ್ತು ಅವಳ ಗೆಳೆಯರಾದ ಜಾನಿಸ್, ಡೇಮಿಯನ್ ಮೂವರೂ ರೆಜೀನಾಳನ್ನು ಬೀಳಿಸುವ ಉಪಾಯವನ್ನು ಹುಟ್ಟುಹಬ್ಬದ ಸಂಭ್ರಮದಂತೆ ಹಾಡುತ್ತಾರೆ. ಬಣ್ಣ ಜಾಸ್ತಿ, ಸದ್ದು ಜಾಸ್ತಿ, ಮಾಡುತ್ತಿರುವುದು ಮಾತ್ರ ಕೆಟ್ಟ ಕೆಲಸ. ಆ ಕೆಟ್ಟತನ ಹಾಡಿನ ಖುಷಿಯಲ್ಲಿ ಮುಚ್ಚಿಹೋಗುತ್ತದೆ. ನಾವೂ ತಲೆದೂಗುತ್ತಾ ಅವರ ಜೊತೆ ಸೇರಿಬಿಡುತ್ತೇವೆ. ಕೇಡಿ ಒಳ್ಳೆಯವಳಾಗಿದ್ದು ಹೇಗೆ ಕೆಟ್ಟಳು ಅಂತ ಹಳೆಯ ಸಿನಿಮಾ ಮಾತಿನಲ್ಲಿ ಹೇಳಿತ್ತು. ಈ ಹಾಡು ಅದನ್ನು ನಮ್ಮ ಮೇಲೇ ಮಾಡಿ ತೋರಿಸುತ್ತದೆ. ಇಂಥದ್ದು ಕೈಯಲ್ಲಿದ್ದಾಗ ಬಚ್ಚಿಡುವುದು ಯಾಕೆ ಹೇಳಿ?

ಪ್ರಶ್ನೆ: ನಮ್ಮ ಸಿನಿಮಾಗಳಲ್ಲಿ ಆರು ಹಾಡು ಇರುತ್ತವೆ, ಯಾರೂ ಅದನ್ನು ‘ಮ್ಯೂಸಿಕಲ್’ ಅನ್ನುವುದಿಲ್ಲ. ಅವರದ್ದಕ್ಕೆ ಮಾತ್ರ ಯಾಕೆ ಬೇರೆ ಹೆಸರು?

ಒಳ್ಳೆಯ ಪ್ರಶ್ನೆ. ಬ್ರಾಡ್‌ವೇ ಪದ್ಧತಿಯಲ್ಲಿ ಹಾಡು ದೃಶ್ಯದ ಕೆಲಸ ಮಾಡಬೇಕು. ಹಾಡು ಶುರುವಾದಾಗ ಪಾತ್ರ ಎಲ್ಲಿತ್ತೋ ಮುಗಿದಾಗ ಅಲ್ಲೇ ಇರಬಾರದು. ಆ ಹಾಡು ತೆಗೆದರೆ ಕಥೆಯಲ್ಲಿ ತೂತು ಬೀಳಬೇಕು. ನಮ್ಮಲ್ಲೂ ಅಂಥ ಹಾಡುಗಳು ಇವೆ, ಆದರೆ ಅದು ನಿಯಮ ಅಲ್ಲ. ಕಥೆ ಒಂದು ಕಡೆ ನಿಂತು, ಹಾಡು ಇನ್ನೊಂದು ಊರಿಗೆ ಹೋಗಿ ಬರುವುದನ್ನು ನಾವು ಸಂತೋಷವಾಗಿ ಒಪ್ಪಿಕೊಂಡಿದ್ದೇವೆ.

ಇನ್ನೊಂದು, ಅವರಲ್ಲಿ ಹಿನ್ನೆಲೆ ಗಾಯಕರು ಇಲ್ಲ. ನಟರೇ ಹಾಡಬೇಕು. ಕಂಪನಿ ನಾಟಕ ನೋಡಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೇಳಿ. ನಟನೇ ಹಾಡುವುದು, ಹಾಡಿನಲ್ಲೇ ಜಗಳ ಆಡುವುದು, ಜನ ‘ಒನ್ಸ್ ಮೋರ್’ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ನಿಜ ಹೇಳಬೇಕೆಂದರೆ ಕನ್ನಡದ ಪ್ರೇಕ್ಷಕರಿಗೆ ಈ ಸಿನಿಮಾ ಅಮೆರಿಕದವರಿಗಿಂತ ಸುಲಭವಾಗಿ ಒಗ್ಗಬೇಕು. ಪಾತ್ರ ಇದ್ದಕ್ಕಿದ್ದಂತೆ ಹಾಡಿದರೆ ನಮಗೆ ಮುಜುಗರ ಆಗುವುದಿಲ್ಲ.

ಪ್ರಶ್ನೆ: ಹಾಡಿನಲ್ಲಿ ಯಾರು ಮೇಲು? ಮನೆಯಲ್ಲಿ ಇದೇ ವಾದ ನಡೀತಿದೆ.

ರೆನೇ ರ್‍ಯಾಪ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಅಮೆರಿಕದ ಹೈಸ್ಕೂಲ್ ವಿದ್ಯಾರ್ಥಿಗಳ ಸಂಗೀತ ನಾಟಕಕ್ಕೆ ಕೊಡುವ ಜಿಮ್ಮಿ ಪ್ರಶಸ್ತಿಯನ್ನು 2018ರಲ್ಲಿ ಗೆದ್ದವರು ಅವರು. ಮರುವರ್ಷವೇ ಬ್ರಾಡ್‌ವೇ ನಾಟಕದಲ್ಲಿ ರೆಜೀನಾ ಪಾತ್ರಕ್ಕೆ ಬಂದರು. ಹಾಗಾಗಿ ಸಿನಿಮಾಗೆ ಬರುವಾಗ ಆ ಪಾತ್ರ ಅವರ ಮೈಗೆ ಹತ್ತಿತ್ತು. ಮ್ಯಾಕ್‌ಆಡಮ್ಸ್ ಅವರ ರೆಜೀನಾ ನಗುತ್ತಾ ಚುಚ್ಚುವವಳು. ಇವರ ರೆಜೀನಾ ನಗುವುದಕ್ಕೂ ಕಷ್ಟಪಡುವುದಿಲ್ಲ, ಸುಮ್ನೆ ನಿಂತರೆ ಸಾಕು, ಸುತ್ತಲಿನವರು ಸರಿಯುತ್ತಾರೆ. ಹ್ಯಾಲೊವೀನ್ ಪಾರ್ಟಿಯಲ್ಲಿ ಬರುವ ‘ಸಮ್‌ಒನ್ ಗೆಟ್ಸ್ ಹರ್ಟ್’ ಹಾಡಿನಲ್ಲಿ ಧ್ವನಿ ತಣ್ಣಗೆ ಶುರುವಾಗಿ, ಕೊನೆಗೆ ಮನೆ ತುಂಬ ಹಬ್ಬುತ್ತದೆ. ‘ವರ್ಲ್ಡ್ ಬರ್ನ್’ನಲ್ಲಿ ಸೇಡು ಕುದಿಯುತ್ತದೆ.

ಎರಡನೆಯವರು ಆಉಲಿಯಿ ಕ್ರವಾಲೋ. 2016ರ ‘ಮೊಆನಾ’ ಕಾರ್ಟೂನಿನ ಧ್ವನಿ ಇವರದೇ. ಜಾನಿಸ್ ಪಾತ್ರದ ‘ಐಡ್ ರಾದರ್ ಬಿ ಮಿ’ ಹಾಡಿನಲ್ಲಿ ಅವರು ಶಾಲೆಯ ಉದ್ದಕ್ಕೂ ನಡೆಯುತ್ತಾ ಹಾಡುತ್ತಾರೆ, ಕ್ಯಾಮೆರಾ ಬಿಡದೆ ಜೊತೆಗೇ ಹೋಗುತ್ತದೆ. ಅಲ್ಲಿ ಯಾವ ನೆಪವೂ ಇಲ್ಲ. ಹುಡುಗಿಗೆ ಕೋಪ ಬಂದಿದೆ, ಹಾಡುತ್ತಿದ್ದಾಳೆ, ಅಷ್ಟೇ.

ಕೇಡಿ ಆಗಿರುವ ಆಸ್ಟ್ರೇಲಿಯಾದ ಆಂಗೊರಿ ರೈಸ್ ಒಳ್ಳೆಯ ನಟಿ. ಮುಖದಲ್ಲಿ ಎಲ್ಲ ಕಾಣುತ್ತದೆ. ಧ್ವನಿ ಮಾತ್ರ ಸಣ್ಣದು. ರೆಜೀನಾ ಎದುರು ನಿಂತಾಗ ಅದು ತಿಳಿಯುತ್ತದೆ.

ಪ್ರಶ್ನೆ: ಕ್ಯಾರನ್ ಶೆಟ್ಟಿ ಅಂತ ಕೇಳಿ ಥಿಯೇಟರ್‌ನಲ್ಲಿ ಚಪ್ಪಾಳೆ ಹೊಡೆದೆವು! ಆ ನಟಿ ನಮ್ಮ ಕಡೆಯವರಾ?

ಹೆಸರು ನಮ್ಮ ಕರಾವಳಿಯದು, ನಟಿ ತೆಲುಗು ಕುಟುಂಬದವರು. ಅವಂತಿಕಾ ವಂದನಪು. ಅಮೆರಿಕದಲ್ಲೇ ಹುಟ್ಟಿ ಬೆಳೆದವರು. ಚಿಕ್ಕವರಿದ್ದಾಗ ಕೆಲವು ತೆಲುಗು ಸಿನಿಮಾಗಳಲ್ಲಿ ನಟಿಸಿದ್ದಾರೆ, 2016ರ ‘ಬ್ರಹ್ಮೋತ್ಸವಂ’ ಅದರಲ್ಲೊಂದು. 2021ರಲ್ಲಿ ಡಿಸ್ನಿ ಚಾನೆಲ್‌ನ ‘ಸ್ಪಿನ್’ ಸಿನಿಮಾಗೆ ನಾಯಕಿಯಾದರು.

ಹಳೆಯ ಸಿನಿಮಾದಲ್ಲಿ ಪ್ಲಾಸ್ಟಿಕ್ಸ್ ಗುಂಪಿನ ಈ ಪಾತ್ರ ಕ್ಯಾರನ್ ಸ್ಮಿತ್, ಮಾಡಿದ್ದು ಅಮಾಂಡಾ ಸೈಫ್ರೆಡ್. ಆಗ ಭಾರತೀಯ ಮೂಲದ ಪಾತ್ರ ಅಂತ ಇದ್ದದ್ದು ಗಣಿತ ತಂಡದ ಕೆವಿನ್ ನಾಪೂರ್. ಆ ಪಾತ್ರ ಮಾಡಿದ ರಾಜೀವ್ ಸುರೇಂದ್ರ ಕೆನಡಾದ ತಮಿಳರು. 20 ವರ್ಷಗಳ ಹಿಂದೆ ಹಾಲಿವುಡ್ ಹೈಸ್ಕೂಲಿನಲ್ಲಿ ನಮ್ಮವರಂತೆ ಕಾಣುವ ಹುಡುಗನಿಗೆ ಸಿಗುತ್ತಿದ್ದ ಜಾಗ ಗಣಿತ ಕ್ಲಬ್. ಈಗಲೂ ಆ ಕ್ಲಬ್ಬಿನಲ್ಲಿ ಕೆವಿನ್ ಇದ್ದಾನೆ, ಹೆಸರು ಗನಾತ್ರಾ ಆಗಿದೆ. ಆದರೆ ಈ ಸಲ ಶಾಲೆಯ ಅತಿ ಸುಂದರಿ, ಬುದ್ಧಿ ಸ್ವಲ್ಪ ಕಮ್ಮಿ ಇರುವ ಹುಡುಗಿಯ ಪಾತ್ರ ಭಾರತೀಯ ಮೂಲದವರಿಗೆ ಸಿಕ್ಕಿದೆ. ಅದೂ ಯಾವ ವಿವರಣೆಯೂ ಇಲ್ಲದೆ. ಆಕೆ ಪೂಜೆ ಮಾಡುವ ದೃಶ್ಯ ಇಲ್ಲ, ಸಿಟ್ಟಿನ ಅಪ್ಪ ಇಲ್ಲ. ಅವಂತಿಕಾ ಅದನ್ನು ಎಷ್ಟು ಸರಾಗವಾಗಿ ಮಾಡಿದ್ದಾರೆ ಅಂದರೆ, ಈ ಸಿನಿಮಾದಲ್ಲಿ ನಾನು ಅತಿ ಹೆಚ್ಚು ನಕ್ಕಿದ್ದು ಅವರ ಕಣ್ಣು ನೋಡಿ. ದಡ್ಡತನದ ಪಾತ್ರ ಮಾಡುವುದಕ್ಕೆ ಸಮಯಪ್ರಜ್ಞೆ ಬೇಕು. ಒಂದು ಕ್ಷಣ ತಡವಾದರೂ ನಗು ಸತ್ತುಹೋಗುತ್ತದೆ.

ಪ್ರಶ್ನೆ: ನಾಟಕದ ಹಾಡುಗಳನ್ನು ಯೂಟ್ಯೂಬ್‌ನಲ್ಲಿ ಕೇಳಿ ಹೋದವಳು ನಾನು. ಅರ್ಧದಷ್ಟು ಸಿನಿಮಾದಲ್ಲಿ ಇಲ್ಲವೇ ಇಲ್ಲ. ಯಾಕೆ ಕತ್ತರಿಸಿದರು?

ನಿಮ್ಮ ನೋವು ಅರ್ಥವಾಗುತ್ತದೆ. ‘ವೇರ್ ಡು ಯು ಬಿಲಾಂಗ್’ ಇಲ್ಲ, ‘ಫಿಯರ್‌ಲೆಸ್’ ಇಲ್ಲ, ‘ಸ್ಟಾಪ್’ ಇಲ್ಲ, ‘ಹೂಸ್ ಹೌಸ್ ಈಸ್ ದಿಸ್’ ಇಲ್ಲ, ‘ಮೋರ್ ಈಸ್ ಬೆಟರ್’ ಇಲ್ಲ. ಕೇಡಿಯ ಮೊದಲ ಹಾಡು ‘ಇಟ್ ರೋರ್ಸ್’ ಬದಲು ‘ವಾಟ್ ಇಫ್ಸ್’ ಎಂಬ ಹೊಸ ಹಾಡು ಬರೆದರು. ಎರಡೂವರೆ ಗಂಟೆಯ ನಾಟಕವನ್ನು 112 ನಿಮಿಷದ ಸಿನಿಮಾ ಮಾಡುವಾಗ ಏನಾದರೂ ಹೋಗಲೇಬೇಕು. ಅದರಲ್ಲಿ ತಕರಾರಿಲ್ಲ. ಯಾವುದು ಹೋಯಿತು ಅನ್ನುವುದರಲ್ಲಿ ನನ್ನ ತಕರಾರು.

ಡೇಮಿಯನ್ ಪಾತ್ರವನ್ನೇ ನೋಡಿ. ನಾಟಕದಲ್ಲಿ ಊಟದ ಹಾಲ್ ತೋರಿಸುವ ಹಾಡು ಅವನದು, ದ್ವಿತೀಯಾರ್ಧ ತೆರೆಯುವ ‘ಸ್ಟಾಪ್’ ಕೂಡ ಅವನದೇ. ಆ ಪಾತ್ರಕ್ಕೆ ಗ್ರೇ ಹೆನ್ಸನ್ ಟೋನಿ ನಾಮನಿರ್ದೇಶನ ಪಡೆದಿದ್ದರು. ಸಿನಿಮಾಗೆ ತಂದದ್ದು ಜಾಕ್ವೆಲ್ ಸ್ಪೈವಿ ಅವರನ್ನು. ಅವರೂ ಸಾಮಾನ್ಯರಲ್ಲ, ‘ಎ ಸ್ಟ್ರೇಂಜ್ ಲೂಪ್’ ನಾಟಕದ ಮುಖ್ಯ ಪಾತ್ರಕ್ಕೆ 2022ರಲ್ಲಿ ಟೋನಿ ನಾಮನಿರ್ದೇಶನ ಪಡೆದವರು. ಅಂಥ ಗಂಟಲನ್ನು ಕರೆದುಕೊಂಡು ಬಂದು, ಅವನ ಎರಡೂ ದೊಡ್ಡ ಹಾಡುಗಳನ್ನು ಕಿತ್ತು, ಬೇರೆಯವರ ಹಾಡಿನಲ್ಲಿ ಜೊತೆ ನಿಲ್ಲಿಸಿದ್ದಾರೆ. ಬಂದಷ್ಟು ಹೊತ್ತಿನಲ್ಲೇ ಅವರು ನಗಿಸುತ್ತಾರೆ, ಅದಕ್ಕೇ ಇನ್ನೂ ಬೇಜಾರು.

ಎರಡನೆಯ ಪೆಟ್ಟು ಬಿದ್ದದ್ದು ಕೇಡಿಗೆ. ನಾಯಕಿಯ ಹಾಡುಗಳು ಕಡಿಮೆಯಾದರೆ ಸಂಗೀತ ಸಿನಿಮಾದಲ್ಲಿ ನಾಯಕಿ ಕಡಿಮೆಯಾದಂತೆ. ರೆಜೀನಾ, ಜಾನಿಸ್, ಪ್ಲಾಸ್ಟಿಕ್ಸ್ ಗುಂಪಿನ ಗ್ರೆಚನ್ ಎಲ್ಲರೂ ತಮ್ಮ ಮನಸ್ಸನ್ನು ಹಾಡಿ ತೋರಿಸುತ್ತಾರೆ. ಕೇಡಿ ಒಳಗೆ ಏನು ನಡೀತಿದೆ ಅಂತ ಮಧ್ಯದಲ್ಲಿ ನಮಗೆ ಗೊತ್ತಾಗುವುದೇ ನಿಲ್ಲುತ್ತದೆ.

ನಿರ್ದೇಶಕರಾದ ಸಮಾಂತಾ ಜೇನ್ ಮತ್ತು ಅರ್ತುರೋ ಪೆರೆಜ್ ಜೂನಿಯರ್ ಗಂಡ ಹೆಂಡತಿ. ಇದು ಅವರ ಮೊದಲ ದೊಡ್ಡ ಸಿನಿಮಾ. ಒಂದೊಂದು ಹಾಡಿಗೂ ಒಂದೊಂದು ರೂಪ ಹುಡುಕಿದ್ದಾರೆ, ಅದು ಅವರ ಶಕ್ತಿ. ಜಾನಿಸ್ ಮನೆಯ ಗ್ಯಾರೇಜಿನಲ್ಲಿ ಫೋನಿನ ಉದ್ದ ಚೌಕಟ್ಟಿನಲ್ಲಿ ಶುರುವಾಗುವ ಸಿನಿಮಾ, ಬಾಗಿಲು ತೆರೆದಾಗ ಕೀನ್ಯಾದ ಬಯಲಿಗೆ ಅಗಲವಾಗಿ ತೆರೆದುಕೊಳ್ಳುವುದು ನಿಜಕ್ಕೂ ಸೊಗಸು.

ಪ್ರಶ್ನೆ: ಲಿಂಡ್ಸೆ ಲೋಹಾನ್ ಇದ್ದಾರಾ ಇಲ್ವಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇದ್ದಾರೆ. ಕೊನೆಯ ಗಣಿತ ಸ್ಪರ್ಧೆಯಲ್ಲಿ ಪ್ರಶ್ನೆ ಕೇಳುವವರಾಗಿ ಬರುತ್ತಾರೆ. ಹಳೆಯ ಕೇಡಿ ಹೊಸ ಕೇಡಿಗೆ ಪ್ರಶ್ನೆ ಹಾಕುವುದು, ಚೆನ್ನಾಗಿದೆ. ಆದರೆ ಇನ್ನೊಂದು ಕಡೆ ಲೋಹಾನ್ ಅವರನ್ನು ಹಿಂದೆ ಕೀಳಾಗಿ ಕರೆಯುತ್ತಿದ್ದ ಮಾತನ್ನೇ ನೆನಪಿಸುವ ಒಂದು ಜೋಕ್ ಇತ್ತು. ಅವರಿಗೆ ನೋವಾಗಿದೆ ಅಂತ ಅವರ ಪ್ರತಿನಿಧಿ ಹೇಳಿದರು, ಡಿಜಿಟಲ್ ಆವೃತ್ತಿಯಲ್ಲಿ ಅದನ್ನು ತೆಗೆದರು. ತೆಗೆದದ್ದೇ ಸರಿ. ಹುಡುಗಿಯರನ್ನು ಹೆಸರಿಟ್ಟು ಕರೆಯುವುದು ಎಷ್ಟು ಕೆಟ್ಟದ್ದು ಅಂತ ಹೇಳುವ ಸಿನಿಮಾದಲ್ಲೇ ಅದು ಇರಬಾರದಿತ್ತು.

ಟೀನಾ ಫೇ ಗಣಿತ ಟೀಚರ್ ಆಗಿ, ಟಿಮ್ ಮೆಡೋಸ್ ಪ್ರಿನ್ಸಿಪಾಲ್ ಆಗಿ ಎರಡರಲ್ಲೂ ಇದ್ದಾರೆ. ಬ್ರಾಡ್‌ವೇಯಲ್ಲಿ ಗ್ರೆಚನ್ ಆಗಿದ್ದ ಆಶ್ಲಿ ಪಾರ್ಕ್ ಇಲ್ಲಿ ಫ್ರೆಂಚ್ ಟೀಚರ್.

ಪ್ರಶ್ನೆ: ಹಳೆಯ ಸಿನಿಮಾದ ಎಷ್ಟೋ ಜೋಕುಗಳು ಇದರಲ್ಲಿ ಇಲ್ಲ. ಈಗಿನವರಿಗೆ ಏನು ಹೇಳಿದರೂ ಬೇಜಾರು ಅಂತ ಹೆದರಿ ಮೆತ್ತಗೆ ಮಾಡಿದ್ದಾರೆ ಅನಿಸಲಿಲ್ಲವಾ?

ಅರ್ಧ ಒಪ್ಪುತ್ತೇನೆ. ಕೆಲವು ತೆಗೆಯಲೇಬೇಕಿತ್ತು. ಕೋಚ್ ಒಬ್ಬ ವಿದ್ಯಾರ್ಥಿನಿಯರ ಜೊತೆ ಸಂಬಂಧ ಇಟ್ಟುಕೊಂಡದ್ದು 2004ರಲ್ಲಿ ನಗೆಯ ವಿಷಯ ಆಗಿತ್ತು. ಊಟದ ಹಾಲಿನಲ್ಲಿ ಮಕ್ಕಳನ್ನು ಜನಾಂಗದ ಹೆಸರಿನಲ್ಲಿ ಮೇಜು ಮೇಜಾಗಿ ಗುರುತಿಸುತ್ತಿದ್ದರು. ಈಗ ನೋಡಿದರೆ ಹಳೆಯ ಸಿನಿಮಾದ ಅಭಿಮಾನಿಗಳಿಗೂ ಅಲ್ಲಿ ಮುಖ ಕಿವುಚುತ್ತದೆ.

ಜಾನಿಸ್ ವಿಷಯದಲ್ಲಂತೂ ಹೊಸದು ಮುಂದೆ ಹೋಗಿದೆ. 2004ರಲ್ಲಿ ಅವಳು ಲೆಸ್ಬಿಯನ್ ಅನ್ನುವ ಗಾಳಿಸುದ್ದಿಯೇ ಅವಳ ಮೇಲಿನ ದಾಳಿ. ಸಿನಿಮಾ ಕೊನೆಗೆ ಅವಳಿಗೊಬ್ಬ ಹುಡುಗನನ್ನು ಜೊತೆ ಮಾಡಿ ‘ನೋಡಿ, ಹಾಗೇನಿಲ್ಲ’ ಅನ್ನುವಂತೆ ಮುಗಿಸಿತ್ತು. 2024ರಲ್ಲಿ ಜಾನಿಸ್ ನಿಜವಾಗಿಯೂ ಹುಡುಗಿಯರನ್ನು ಇಷ್ಟಪಡುವವಳು, ಎಲ್ಲರಿಗೂ ಗೊತ್ತು, ಅದು ಜೋಕ್ ಅಲ್ಲ. ಅವಳ ಕೋಪಕ್ಕೆ ಈಗ ಸರಿಯಾದ ಬೇರು ಸಿಕ್ಕಿದೆ.

ಆದರೆ ನೀವು ಹೇಳುವ ಇನ್ನರ್ಧವೂ ನಿಜ. ಹಳೆಯ ಸಿನಿಮಾಗೆ ಹಲ್ಲಿತ್ತು. ಈ ಹುಡುಗಿಯರು ಒಬ್ಬರಿಗೊಬ್ಬರು ಹೇಳುತ್ತಿದ್ದ ಮಾತು ಕೇಳಿ ನಾವು ಬೆಚ್ಚುತ್ತಿದ್ದೆವು. ಹೊಸದರಲ್ಲಿ ಎಲ್ಲರ ಬಗ್ಗೆ ಕೆಟ್ಟದಾಗಿ ಬರೆದಿಡುವ ‘ಬರ್ನ್ ಬುಕ್’ ಕೂಡ ಅಷ್ಟೇನೂ ಸುಡುವುದಿಲ್ಲ. ಕೆಟ್ಟ ಹುಡುಗಿಯರ ಕಥೆಯಲ್ಲಿ ಕೆಟ್ಟತನ ಕಡಿಮೆಯಾದರೆ ರೆಜೀನಾ ಬಿದ್ದಾಗ ಆಗಬೇಕಾದ ಸಮಾಧಾನವೂ, ಆಮೇಲಿನ ಅಪರಾಧಿ ಭಾವವೂ ಎರಡೂ ಕಡಿಮೆ ಆಗುತ್ತವೆ.

ಪ್ರಶ್ನೆ: ಈಗಿನ ಮಕ್ಕಳು ಎಲ್ಲ ಫೋನಿನಲ್ಲೇ ಮಾಡುತ್ತಾರೆ. ಬರ್ನ್ ಬುಕ್ ಅಂತ ಒಂದು ನೋಟ್‌ಬುಕ್ ಇನ್ನೂ ಯಾಕೆ?

ಕಥೆಯ ಕೀಲಿ ಅದೇ ಆದ್ದರಿಂದ ಬಿಡಲಾಗಲಿಲ್ಲ. ಸ್ವಲ್ಪ ಹಳೆಯ ವಸ್ತುವಾಗಿ ಕಾಣುವುದು ನಿಜ. ಫೋನನ್ನು ಚೆನ್ನಾಗಿ ಬಳಸಿದ ಜಾಗ ಎಂದರೆ, ಶಾಲೆಯ ಪ್ರತಿಭಾ ಪ್ರದರ್ಶನದಲ್ಲಿ ರೆಜೀನಾ ಎಡವಿ ಬೀಳುವ ದೃಶ್ಯ. 2004ರಲ್ಲಾದರೆ ಅದು ಆ ಹಾಲಿನಲ್ಲಿದ್ದವರಿಗೆ ಮಾತ್ರ ಗೊತ್ತಿರುತ್ತಿತ್ತು. ಇಲ್ಲಿ ಕ್ಷಣದಲ್ಲಿ ನೂರಾರು ಅಪರಿಚಿತ ಮುಖಗಳು ಅದನ್ನು ಹಂಚಿ, ಅಣಕಿಸಿ, ಸಲಹೆ ಕೊಡುತ್ತವೆ. ರೆಜೀನಾ ಬಗ್ಗೆ ನನಗೆ ಮರುಕ ಬಂದದ್ದು ಅಲ್ಲಿ. ಈ ಸಿನಿಮಾ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕಿತ್ತು.

ಪ್ರಶ್ನೆ: ಮಗಳಿಗೆ 13. ಅವಳ ಜೊತೆ ಕೂತು ನೋಡಬಹುದಾ?

ಅಮೆರಿಕದಲ್ಲಿ ಎರಡೂ ಸಿನಿಮಾಗಳಿಗೆ ಪಿಜಿ-13 ಸರ್ಟಿಫಿಕೇಟ್. 13ಕ್ಕಿಂತ ಚಿಕ್ಕವರಿದ್ದರೆ ಹಿರಿಯರು ಯೋಚಿಸಿ ಅಂತ ಅರ್ಥ. ಲೈಂಗಿಕ ಜೋಕುಗಳಿವೆ, ಪಾರ್ಟಿಯಲ್ಲಿ ಕುಡಿತ ಇದೆ, ಮೈಕಾಣುವ ಬಟ್ಟೆ ಇದೆ. ಒಬ್ಬ ಹುಡುಗಿಗೆ ಬಸ್ ಡಿಕ್ಕಿ ಹೊಡೆಯುವ ದೃಶ್ಯ ಇದೆ, ರಕ್ತ ಇಲ್ಲ, ಆದರೆ ಬೆಚ್ಚುತ್ತೀರಿ. ನನ್ನ ಅಭಿಪ್ರಾಯದಲ್ಲಿ ನೋಡಬಹುದು, ಅದೂ ಹೊಸದನ್ನು ಮೊದಲು. ಹಳೆಯದು ಸ್ವಲ್ಪ ಖಾರ.

ಒಂದು ಮಾತು. ಸಿನಿಮಾ ನಡುವೆ ‘ನಿಮ್ಮ ಕ್ಲಾಸಲ್ಲೂ ಹೀಗೇನಾ’ ಅಂತ ಕೇಳಬೇಡಿ. ತಕ್ಷಣ ಬಾಯಿ ಮುಚ್ಚಿಕೊಳ್ಳುತ್ತಾರೆ. ಬದಲಿಗೆ ‘ಗ್ರೆಚನ್ ಯಾಕೆ ರೆಜೀನಾಳನ್ನು ಬಿಟ್ಟು ಹೋಗಲ್ಲ’ ಅಂತ ಪಾತ್ರದ ಬಗ್ಗೆ ಕೇಳಿ, ಅದಕ್ಕೆ ಅವರ ಹತ್ತಿರ ಉತ್ತರ ಇರುತ್ತದೆ, ನಿಮಗಿಂತ ಚೆನ್ನಾಗಿಯೇ ಇರುತ್ತದೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಒಂದು ಸಣ್ಣ ಮಾತಿಗೆ ನನ್ನ ಫ್ರೆಂಡ್ಸ್ ನನ್ನನ್ನು ಗ್ರೂಪಿನಿಂದ ತೆಗೆದರು. ಈ ಸಿನಿಮಾದಲ್ಲಿ ಗ್ರೆಚನ್ ಹಾಡು ಬಂದಾಗ ತುಂಬಾ ಅತ್ತೆ. ಕಾಮಿಡಿ ನೋಡಿ ಅಳುವುದು ವಿಚಿತ್ರ ಅಲ್ವಾ?

ಸ್ವಲ್ಪವೂ ವಿಚಿತ್ರ ಅಲ್ಲ. ‘ವಾಟ್ಸ್ ರಾಂಗ್ ವಿತ್ ಮಿ’ ಈ ಕಥೆಗೆ ನಾಟಕ ಕೊಟ್ಟ ದೊಡ್ಡ ಕೊಡುಗೆ ಅಂತ ನಾನು ನಂಬುತ್ತೇನೆ. ಹಳೆಯ ಸಿನಿಮಾದಲ್ಲಿ ಗ್ರೆಚನ್ ಬರೀ ಗಾಬರಿಯ ಹುಡುಗಿ, ಅವಳನ್ನು ನೋಡಿ ನಾವು ನಗುತ್ತಿದ್ದೆವು. ವೈಸ್‌ಮನ್ ಪುಸ್ತಕದಲ್ಲಿ ಎಲ್ಲರ ಗುಟ್ಟುಗಳನ್ನು ಕೂಡಿಟ್ಟುಕೊಳ್ಳುವ ಹುಡುಗಿಯ ಬಗ್ಗೆ ಬರುತ್ತದೆ. ಗ್ರೆಚನ್ ಅಂಥವಳು. ಎಲ್ಲರ ಗುಟ್ಟು ಅವಳಿಗೆ ಗೊತ್ತು, ಆದರೆ ಯಾರಿಗೂ ಅವಳು ಬೇಡ. ರೆಜೀನಾ ಒಂದು ಒಳ್ಳೆಯ ಮಾತು ಆಡಿದರೆ ಸಾಕು ಅಂತ ಕಾಯುತ್ತಾಳೆ. ಇದನ್ನು ಡೈಲಾಗ್‌ನಲ್ಲಿ ಹೇಳಿದರೆ ಗೋಳು ಅನಿಸುತ್ತದೆ, ಹಾಡಿನಲ್ಲಿ ಹೇಳಿದಾಗ ನೇರ ಎದೆಗೆ ತಾಗುತ್ತದೆ. ಗ್ರೆಚನ್ ಆಗಿರುವ ಬೀಬಿ ವುಡ್ ಅದನ್ನು ಕ್ಯಾಮೆರಾ ತೀರಾ ಹತ್ತಿರ ಇರುವಾಗ, ಧ್ವನಿ ಏರಿಸದೆ ಹಾಡುತ್ತಾರೆ.

ನಿಮ್ಮ ವಿಷಯಕ್ಕೆ ಬಂದರೆ, ತಪ್ಪು ನಿಮ್ಮಲ್ಲೇ ಏನೋ ಇದೆ ಅಂತ ಹುಡುಕುತ್ತಾ ಕೂರಬೇಡಿ. ಗ್ರೆಚನ್ ಮಾಡುವುದೂ ಅದೇ. ಆ ಗುಂಪಿನಲ್ಲಿ ಒಬ್ಬರಾದರೂ ಒಬ್ಬರೇ ಸಿಕ್ಕಾಗ ಚೆನ್ನಾಗಿ ಮಾತಾಡುತ್ತಾರೆ ಅನಿಸಿದರೆ ಅವರ ಹತ್ತಿರ ಮುಖಾಮುಖಿ ಮಾತಾಡಿ, ಮೆಸೇಜಿನಲ್ಲಿ ಬೇಡ. ಅದೂ ಆಗದಿದ್ದರೆ ಮನೆಯವರಲ್ಲಿ ಒಬ್ಬರಿಗೆ ಇವತ್ತೇ ಹೇಳಿ. ಮತ್ತೆ ಪತ್ರ ಬರೆಯಿರಿ, ಏನಾಯಿತು ಅಂತ ತಿಳಿಸಿ.

ಪ್ರಶ್ನೆ: ಸಿನಿಮಾದಿಂದ ನಾಟಕ, ನಾಟಕದಿಂದ ಸಿನಿಮಾ. ಇಂಥದ್ದು ಮೊದಲೂ ಆಗಿದೆಯಾ?

ಬೇಕಾದಷ್ಟು. ‘ಲಿಟಲ್ ಶಾಪ್ ಆಫ್ ಹಾರರ್ಸ್’ 1960ರ ಸಿನಿಮಾ, 1982ರ ನಾಟಕ, 1986ರಲ್ಲಿ ಮತ್ತೆ ಸಿನಿಮಾ. ‘ದಿ ಪ್ರೊಡ್ಯೂಸರ್ಸ್’ ಕೂಡ ಹಾಗೇ, ನಾಟಕ 2001ರದ್ದು, ಸಂಗೀತ ಸಿನಿಮಾ 2005ರದ್ದು. ನನಗೆ ಅಚ್ಚುಮೆಚ್ಚು ‘ಹೇರ್‌ಸ್ಪ್ರೇ’. ಜಾನ್ ವಾಟರ್ಸ್ 1988ರಲ್ಲಿ ಮಾಡಿದ ಸಿನಿಮಾ, 2002ರಲ್ಲಿ ಬ್ರಾಡ್‌ವೇ, 2007ರಲ್ಲಿ ಮತ್ತೆ ಸಿನಿಮಾ. ಅದೂ ಹೈಸ್ಕೂಲ್ ಹುಡುಗಿಯ ಕಥೆಯೇ, 1962ರ ಬಾಲ್ಟಿಮೋರ್ ನಗರದಲ್ಲಿ ನಡೆಯುವಂಥದ್ದು. 2007ರ ‘ಹೇರ್‌ಸ್ಪ್ರೇ’ ಮೊದಲ ಶಾಟ್‌ನಿಂದಲೇ ಹಾಡುತ್ತದೆ. ನಾಯಕಿ ಹಾಸಿಗೆಯಿಂದ ಏಳುವುದೇ ಹಾಡಿನ ಜೊತೆ. ಇದು ಎಂಥ ಸಿನಿಮಾ ಅಂತ ಎರಡು ನಿಮಿಷದಲ್ಲಿ ನಿಮಗೆ ಗೊತ್ತಾಗುತ್ತದೆ, ಒಪ್ಪಿದರೆ ಕೂರುತ್ತೀರಿ. ‘ಮೀನ್ ಗರ್ಲ್ಸ್’ ಕಲಿಯಬೇಕಿದ್ದದ್ದು ಆ ಧೈರ್ಯ.

ಪ್ರಶ್ನೆ: ದುಡ್ಡು ಬಂತಾ?

ಬಂತು. ಸುಮಾರು 3.6 ಕೋಟಿ ಡಾಲರ್ ಖರ್ಚಿಗೆ ಪ್ರಪಂಚದಾದ್ಯಂತ 10 ಕೋಟಿ ಡಾಲರ್ ದಾಟಿತು. ಮೊದಲು ಇದನ್ನು ನೇರ ಸ್ಟ್ರೀಮಿಂಗ್‌ಗೆ ಬಿಡುವ ಯೋಜನೆ ಇತ್ತು, ಆಮೇಲೆ ಥಿಯೇಟರಿಗೆ ತಂದರು. 2004ರ ಸಿನಿಮಾ ಇದರ ಅರ್ಧದಷ್ಟು ಖರ್ಚಿನಲ್ಲಿ ಇದಕ್ಕಿಂತ ಜಾಸ್ತಿ, ಸುಮಾರು 13 ಕೋಟಿ ಡಾಲರ್ ಗಳಿಸಿತ್ತು.

ಪ್ರಶ್ನೆ: ಅಕ್ಟೋಬರ್ 3ಕ್ಕೆ ಎಲ್ಲರೂ ಗುಲಾಬಿ ಬಣ್ಣ ಹಾಕಿ ಫೋಟೊ ಹಾಕುತ್ತಾರೆ. ಏನು ವಿಶೇಷ?

ಹಳೆಯ ಸಿನಿಮಾದಲ್ಲಿ ಆರನ್ ಹಿಂತಿರುಗಿ ‘ಇವತ್ತು ತಾರೀಖು ಎಷ್ಟು’ ಅಂತ ಕೇಳುತ್ತಾನೆ, ಕೇಡಿ ಅಕ್ಟೋಬರ್ 3 ಅನ್ನುತ್ತಾಳೆ. ಅಷ್ಟೇ. ಗುಲಾಬಿ ಬಣ್ಣ ಪ್ಲಾಸ್ಟಿಕ್ಸ್ ಗುಂಪಿನ ಬುಧವಾರದ ನಿಯಮದ್ದು. ಅಭಿಮಾನಿಗಳು ಎರಡನ್ನೂ ಸೇರಿಸಿ ಹಬ್ಬ ಮಾಡಿಕೊಂಡರು. 2023ರ ಅಕ್ಟೋಬರ್ 3ರಂದು ಪ್ಯಾರಾಮೌಂಟ್ ಇಡೀ ಹಳೆಯ ಸಿನಿಮಾವನ್ನು ತುಂಡು ತುಂಡು ಮಾಡಿ ಟಿಕ್‌ಟಾಕ್‌ನಲ್ಲಿ ಹಾಕಿತ್ತು.

ಪ್ರಶ್ನೆ: ಎರಡೂ ನೋಡಿಲ್ಲ. ಯಾವುದು ಮೊದಲು?

ಹಳೆಯದು ಮೊದಲು. 97 ನಿಮಿಷ, ಒಂದೂ ವ್ಯರ್ಥ ಮಾತಿಲ್ಲ. ಆಮೇಲೆ ಬ್ರಾಡ್‌ವೇ ನಾಟಕದ ಹಾಡುಗಳ ಆಲ್ಬಮ್ ಪೂರ್ತಿ ಕೇಳಿ, ಅದರಲ್ಲಿ ಡೇಮಿಯನ್ ಹಾಡುಗಳೂ ಇವೆ. ಹೊಸ ಸಿನಿಮಾ ಕೊನೆಗೆ. ಸ್ಪೀಕರ್ ಚೆನ್ನಾಗಿರುವ ಕಡೆ ನೋಡಿ, ರೆನೇ ರ್‍ಯಾಪ್ ಧ್ವನಿಯನ್ನು ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಕೇಳಬೇಡಿ.